ರಾಜಾಜಿನಗರದ ಸೋಪು, ಕೆಂಗೇರಿಯ ನೊರೆ

ನೀರಿನ ಒಂದು ಅಣುವಿನಲ್ಲಿ ಆಮ್ಲಜನಕದ ಪರಮಾಣು ಒಂದು, ಜಲಜನಕದವು ಎರಡು. ಆಮ್ಲಜನಕದ ಬದಿಗೆ ಅಲ್ಪ ಋಣ ವಿದ್ಯುದಂಶ, ಜಲಜನಕದ ಬದಿಗೆ ಅಲ್ಪ ಧನ. ಹಾಗಾಗಿ ಒಂದು ಅಣುವಿನ ಜಲಜನಕ ನೆರೆಯ ಅಣುವಿನ ಆಮ್ಲಜನಕದತ್ತ ವಾಲುತ್ತದೆ. ಈ ಜಲಜನಕ ಬಂಧ ಬಾಳುವುದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತು. ಒಂದು ಕಡಿದರೆ ಅಷ್ಟೇ ಬೇಗ ಇನ್ನೊಂದು ಬೆಸೆಯುತ್ತದೆ. ಒಂದೇ ಬಗೆಯ ಅಣುಗಳ ನಡುವಿನ ಈ ಸೆಳೆತವೇ ಸಂಸಕ್ತಿ. ಗಾಜು, ಇಟ್ಟಿಗೆ, ಹತ್ತಿಬಟ್ಟೆಗಳಂಥ ಬೇರೆ ವಸ್ತುಗಳತ್ತ ನೀರಿಗಿರುವ ಸೆಳೆತ ಆಸಂಜನ.

ನೀರಿನ ಒಡಲಲ್ಲಿರುವ ಅಣುವನ್ನು ನೆರೆಯವು ಎಲ್ಲ ದಿಕ್ಕಿನಿಂದಲೂ ಸೆಳೆಯುತ್ತವೆ. ಮೇಲ್ಮೈಯ ಅಣುವಿಗಾದರೋ ಮೇಲುಗಡೆ ಬರೀ ಗಾಳಿ. ಮೇಲ್ಮೈಯನ್ನು ಹಿಗ್ಗಿಸಬೇಕೆಂದರೆ ಒಳಗಿನ ಅಣುಗಳನ್ನು ಈ ಕೊರತೆಯ ಜಾಗಕ್ಕೆ ತರಬೇಕು, ಅದಕ್ಕೆ ಶಕ್ತಿ ವ್ಯಯವಾಗುತ್ತದೆ. ಆದ್ದರಿಂದ ನೀರು ಆದಷ್ಟು ಕಡಿಮೆ ಮೇಲ್ಮೈ ಇಟ್ಟುಕೊಳ್ಳಲು ನೋಡುತ್ತದೆ. ಸಣ್ಣ ಹನಿ ಗುಂಡಗಿರುವುದು ಇದೇ ಕಾರಣಕ್ಕೆ. ಈ ಮೇಲ್ಮೈ ಎಳೆತ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 72.8 ಮಿಲಿನ್ಯೂಟನ್, ಅಂದರೆ ಒಂದು ಮೀಟರ್ ಉದ್ದದ ಗೆರೆಗೆ ಸುಮಾರು ಏಳೂವರೆ ಗ್ರಾಂ ತೂಕದಷ್ಟು. ಕೇಳಲು ಅಲ್ಪವೆನಿಸಿದರೂ ಹುಷಾರಾಗಿ ಮಲಗಿಸಿದ ಸೂಜಿಯನ್ನು ತೇಲಿಸಲು ಅಷ್ಟು ಸಾಕು. ನಿಂತ ನೀರಿನಲ್ಲಿ ಸೊಳ್ಳೆಯ ಮರಿಹುಳು ತಲೆಕೆಳಗಾಗಿ ನೇತುಬಿದ್ದು ಉಸಿರಾಡುವುದೂ ಇದರ ಆಸರೆಯಲ್ಲೇ.

ಆಸಂಜನ ಎಲ್ಲಿ ಮೇಲುಗೈಯಾಗುತ್ತದೋ ಅಲ್ಲಿ ನೀರು ಹರಡುತ್ತದೆ, ಹತ್ತುತ್ತದೆ. ಒಂದು ಮಿಲಿಮೀಟರ್ ಒಳವ್ಯಾಸದ ಶುದ್ಧ ಗಾಜಿನ ನಳಿಗೆಯಲ್ಲಿ ಅದು ಸುಮಾರು 3 ಸೆಂಟಿಮೀಟರ್ ಏರುತ್ತದೆ. ನಳಿಗೆ ಹತ್ತು ಪಟ್ಟು ಕಿರಿದಾದರೆ 30 ಸೆಂಟಿಮೀಟರ್. ತಳಪಾಯದಲ್ಲಿ ತೇವ ತಡೆಯುವ ಪದರವಿಲ್ಲದ ಹಳೆಯ ಮನೆಗಳ ಇಟ್ಟಿಗೆ ಗೋಡೆ ನೆಲದಿಂದ ಮೇಲಕ್ಕೆ ಬಣ್ಣ ಬಿಡುವುದು ಇಂಥ ಸೂಕ್ಷ್ಮ ರಂಧ್ರಗಳಿಂದಲೇ. ಕೆಸುವಿನ ಎಲೆಯ ಮೇಲಾಗುವುದು ಇದಕ್ಕೆ ತದ್ವಿರುದ್ಧ: ಮೇಣ ಲೇಪಿಸಿದ ಸೂಕ್ಷ್ಮ ಉಬ್ಬುಗಳ ಮೇಲೆ ನೀರಿಗೆ ಹಿಡಿತ ಸಿಗುವುದಿಲ್ಲ, ಹನಿ ಉರುಳಿಹೋಗುತ್ತದೆ.

ನೀರಿನ ಬಿಗಿಯನ್ನು ಸಡಿಲಿಸುವುದೇ ಕಸುಬಾಗಿರುವ ಒಂದು ಕಾರ್ಖಾನೆ ಬೆಂಗಳೂರಿನ ರಾಜಾಜಿನಗರದಲ್ಲಿದೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ಕುಸಿದಾಗ ಮೈಸೂರು ಸಂಸ್ಥಾನ 1916ರ ಹೊತ್ತಿಗೆ ಗಂಧದೆಣ್ಣೆಯನ್ನೂ ಆಮೇಲೆ ಸೋಪನ್ನೂ ತಾನೇ ತಯಾರಿಸತೊಡಗಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಎಂ. ವಿಶ್ವೇಶ್ವರಯ್ಯ ದಿವಾನರು. ಸರ್ಕಾರಿ ಸೋಪು ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಬಂತು; 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮವಾಯಿತು. ಪರಿಮಳ ಏನೇ ಇರಲಿ, ಎಲ್ಲ ಸೋಪಿನ ಅಣುವೂ ಒಂದೇ ಬಗೆಯದು: ನೀರನ್ನು ಒಲ್ಲದ ಉದ್ದನೆಯ ಬಾಲ, ನೀರನ್ನು ಬಯಸುವ ತಲೆ. ನೀರಿಗೆ ಬಿದ್ದೊಡನೆ ಇವು ಮೇಲ್ಮೈಗೆ ಬಂದು ತಲೆ ಕೆಳಗೆ, ಬಾಲ ಗಾಳಿಗೆ ಮಾಡಿ ಸಾಲುಗಟ್ಟುತ್ತವೆ. ಎಳೆತ 72ರಿಂದ 30ರ ಆಸುಪಾಸಿಗೆ ಇಳಿಯುತ್ತದೆ, ನೀರು ಬಟ್ಟೆಯ ನೂಲಿನೊಳಗೆ ನುಸುಳುತ್ತದೆ. ಬಾಲಗಳು ಜಿಡ್ಡನ್ನು ಸುತ್ತುವರಿದು ಎಬ್ಬಿಸುತ್ತವೆ.

ಮೇಲ್ಮೈಯಲ್ಲಿ ಸಾಲುಗಟ್ಟುವ ಇಂಥ ಅಣುಗಳ ಪದರವನ್ನು ಅಳೆಯುವ ದಾರಿ ತೋರಿಸಿದ್ದು ಯಾವ ವಿಶ್ವವಿದ್ಯಾಲಯವೂ ಅಲ್ಲ. ಕಾಲೇಜಿನ ಮೆಟ್ಟಿಲು ಹತ್ತಲಾಗದ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಬ್ರೌನ್‌ಷ್ವೈಗ್‌ನ ತಮ್ಮ ಮನೆಯಲ್ಲೇ ತಗಡಿನ ತೊಟ್ಟಿಯೊಂದನ್ನು ಇಟ್ಟುಕೊಂಡು ಪ್ರಯೋಗ ನಡೆಸಿದರು. ಅವರ ಪತ್ರವನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1891ರಲ್ಲಿ ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಮಾಡಿಸಿದರು.

ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸೋಲುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅದನ್ನು ಗಸಿಯಾಗಿಸಿ ಬಕೆಟ್ಟಿನ ಅಂಚಿಗೆ ಅಂಟಿಸುತ್ತವೆ, ಮೇಲ್ಮೈಗೆ ಹೋಗಬೇಕಾದ ಅಣುವೇ ಉಳಿಯುವುದಿಲ್ಲ. ಡಿಟರ್ಜೆಂಟ್ ಪುಡಿಗೆ ಈ ತೊಂದರೆ ಅಷ್ಟಿಲ್ಲ, ಅದು ಮನೆಮನೆಗೆ ಹೊಕ್ಕಿದ್ದಕ್ಕೆ ಇದೂ ಒಂದು ಕಾರಣ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಬಚ್ಚಲುಗಳ ಇಳಿಜಾರು ವೃಷಭಾವತಿ ನದಿಯ ಕಡೆಗೆ. ಸಂಸ್ಕರಣೆಯಾಗದ ಕೊಳಚೆ ರಾಜಕಾಲುವೆ ಸೇರಿ ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ನೀರು ಧುಮುಕುವಲ್ಲೆಲ್ಲ ಬೆಳ್ಳನೆಯ ನೊರೆ. ಎಳೆತ ಕಡಿಮೆಯಾದ್ದರಿಂದ ಗುಳ್ಳೆ ಕಟ್ಟಲು ಕಡಿಮೆ ಶಕ್ತಿ ಸಾಕು ಎಂಬುದು ಅರ್ಧ ಉತ್ತರ ಮಾತ್ರ. ಗುಳ್ಳೆ ಒಡೆಯದೆ ನಿಲ್ಲುವುದೇಕೆ ಎಂಬುದು ನಿಜವಾದ ಪ್ರಶ್ನೆ. ಗುಳ್ಳೆಯ ಪೊರೆ ಒಂದೆಡೆ ಹಿಗ್ಗಿ ತೆಳುವಾದರೆ ಅಲ್ಲಿ ಡಿಟರ್ಜೆಂಟ್ ಅಣುಗಳು ವಿರಳವಾಗಿ ಎಳೆತ ಏರುತ್ತದೆ. ಆ ಎಳೆತ ಸುತ್ತಲಿನ ದ್ರವವನ್ನು ಸೆಳೆದು ತೆಳುವಾದ ಜಾಗವನ್ನು ತುಂಬುತ್ತದೆ. ಪೊರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಶುದ್ಧ ನೀರಿಗೆ ಈ ಉಪಾಯವಿಲ್ಲದ್ದರಿಂದ ಅದರ ಗುಳ್ಳೆ ಕ್ಷಣಮಾತ್ರದ್ದು. ಕೊಳಚೆಯ ಸೂಕ್ಷ್ಮ ಕಣಗಳು ಪೊರೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ.

ನೊರೆಯ ಮೇಲೆ ನೀರು ಸಿಂಪಡಿಸುವುದು ಕಣ್ಣೊರೆಸುವ ಕೆಲಸ; ಗುಳ್ಳೆ ಒಡೆದರೂ ಡಿಟರ್ಜೆಂಟ್ ನೀರಿನಲ್ಲೇ ಇರುತ್ತದೆ, ಮುಂದಿನ ಕಟ್ಟೆಯಲ್ಲಿ ಮತ್ತೆ ನೊರೆ ಏಳುತ್ತದೆ. ಈಗಿನ ಡಿಟರ್ಜೆಂಟುಗಳ ನೇರ ಸರಪಳಿಯ ಅಣುಗಳನ್ನು ಬ್ಯಾಕ್ಟೀರಿಯಾ ಒಡೆಯಬಲ್ಲವು, ಆದರೆ ಅದಕ್ಕೆ ಆಮ್ಲಜನಕ ಬೇಕು. ಕಪ್ಪುಗಟ್ಟಿದ ಕೊಳಚೆಯಲ್ಲಿ ಅದು ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಸಂಸ್ಕರಣಾ ಘಟಕದ ತೊಟ್ಟಿಗಳಲ್ಲಿ ಗಂಟೆಗಟ್ಟಲೆ ಗಾಳಿ ಊದುವುದು ಆ ಆಮ್ಲಜನಕವನ್ನು ಒದಗಿಸುವುದಕ್ಕೇ.