ಡಿವಿಡಿಯ ಚಿತ್ರಕ್ಕೆ ಅಗಲ ಎಷ್ಟು?

ಮದುವೆಯ ಡಿವಿಡಿ, ಯಕ್ಷಗಾನ ಪ್ರಸಂಗಗಳ ವಿಸಿಡಿ, ಎಂದೋ ಕೊಂಡಿಟ್ಟ ಹಳೆಯ ಸಿನಿಮಾಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಪ್ಲೇಯರುಗಳು ಒಂದೊಂದಾಗಿ ಕೈಕೊಡುತ್ತಿವೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕಲು ಜಾಗವೇ ಇಲ್ಲ. ಹಾಗಾಗಿ ಇವನ್ನೆಲ್ಲ ಫೈಲುಗಳಾಗಿ ಮಾಡಿಟ್ಟುಕೊಳ್ಳುವುದು ತುರ್ತಿನ ಕೆಲಸ. ಆದರೆ ಹೀಗೆ ಮಾಡಿದ ಫೈಲನ್ನು ತೆರೆದಾಗ ಮದುಮಗಳ ಮುಖ ನೀಳವಾಗಿ ಎಳೆದಂತಿರುತ್ತದೆ, ಇಲ್ಲವೇ ವೇಷಧಾರಿಯ ಕಿರೀಟ ಅಡ್ಡಡ್ಡ ಹರಡಿಕೊಂಡಿರುತ್ತದೆ. ಬಣ್ಣ, ಧ್ವನಿ ಎಲ್ಲ ಸರಿಯಿದ್ದರೂ ಆಕಾರ ಮಾತ್ರ ಕೆಟ್ಟಿರುತ್ತದೆ.

ಕಾರಣ ಒಂದು ಸಣ್ಣ ಭಾಗಾಕಾರದಲ್ಲಿ ಸಿಗುತ್ತದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಡಿವಿಡಿಯ ಪೂರ್ಣ ಚೌಕಟ್ಟಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಪಿಕ್ಸೆಲ್‌ಗಳಿರುತ್ತವೆ. 720ನ್ನು 576ರಿಂದ ಭಾಗಿಸಿದರೆ 1.25. ಹಳೆಯ ಟಿವಿಯ ಪರದೆ 4:3, ಅಂದರೆ 1.33. ಈಗಿನ ಅಗಲ ಟಿವಿ 16:9, ಅಂದರೆ 1.78. ಡಿಸ್ಕಿನಲ್ಲಿರುವ ಸಂಖ್ಯೆ ಎರಡಕ್ಕೂ ಹೊಂದುವುದಿಲ್ಲ. ಏಕೆಂದರೆ ಡಿವಿಡಿಯ ಪಿಕ್ಸೆಲ್ ಚೌಕವಲ್ಲ. ಕಂಪ್ಯೂಟರಿನ ಪಿಕ್ಸೆಲ್ ಚೌಕ. ಒಂದನ್ನು ಇನ್ನೊಂದೆಂದು ತಿಳಿದು ಹಾಗೆಯೇ ತೋರಿಸಿದರೆ 4:3ರ ಚಿತ್ರ ಶೇ 6ರಷ್ಟು ಸಪೂರವಾಗುತ್ತದೆ, 16:9ರ ಚಿತ್ರ ಸುಮಾರು ಶೇ 30ರಷ್ಟು.

ಚೌಕವಲ್ಲದ ಪಿಕ್ಸೆಲನ್ನು ಯಾರಾದರೂ ಏಕೆ ಆರಿಸಿಕೊಂಡರು? ಹಳೆಯ ಟಿವಿ ಸಂಕೇತದಲ್ಲಿ ಪಿಕ್ಸೆಲ್ ಎಂಬುದೇ ಇರಲಿಲ್ಲ, ಗೆರೆಗಳಷ್ಟೇ ಇದ್ದವು. ಒಂದೊಂದು ಗೆರೆಯೂ ಕಾಲದ ಉದ್ದಕ್ಕೆ ಏರಿಳಿಯುವ ವಿದ್ಯುತ್ ಅಲೆ. ಅದನ್ನು ಅಂಕಿಗಳಾಗಿ ಬದಲಿಸಬೇಕಾದರೆ ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು ಎಂಬುದನ್ನು ತೀರ್ಮಾನಿಸಬೇಕಿತ್ತು. ಅಮೆರಿಕ, ಜಪಾನ್‌ಗಳದು 525 ಗೆರೆಗಳ ಪದ್ಧತಿ, ಯುರೋಪ್ ಮತ್ತು ಭಾರತದ್ದು 625 ಗೆರೆಗಳದು. 1982ರಲ್ಲಿ ಒಪ್ಪಿಗೆಯಾದ ಅಂತರರಾಷ್ಟ್ರೀಯ ಶಿಫಾರಸು, ಈಗಿನ ಬಿಟಿ.601, ಎರಡಕ್ಕೂ ಸೆಕೆಂಡಿಗೆ 1.35 ಕೋಟಿ ಸಲ ಎಂದು ನಿಗದಿ ಮಾಡಿತು. ಈ ವೇಗದಲ್ಲಿ ಒಂದು ಪದ್ಧತಿಯ ಗೆರೆಗೆ ಸರಿಯಾಗಿ 858, ಇನ್ನೊಂದರ ಗೆರೆಗೆ ಸರಿಯಾಗಿ 864 ಅಳತೆಗಳು ಬೀಳುತ್ತವೆ, ಭಿನ್ನರಾಶಿ ಉಳಿಯುವುದಿಲ್ಲ. ಅದರಲ್ಲಿ ಚಿತ್ರಕ್ಕೆಂದು 720ನ್ನು ಎರಡೂ ಕಡೆ ಸಮಾನವಾಗಿ ಇಟ್ಟರು. ಎರಡು ಪದ್ಧತಿಗಳು ಒಂದೇ ಯಂತ್ರದಲ್ಲಿ ಬಾಳಲು ಇದು ದಾರಿಮಾಡಿತು. ತಂತ್ರಜ್ಞರು ಕೂತು ಮಾಡಿಕೊಂಡ ಒಪ್ಪಂದಗಳಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಒಂದು ಇದು. ಪಿಕ್ಸೆಲ್ ಚೌಕವಾಗಲಿಲ್ಲ ಎಂಬುದು ಅದಕ್ಕೆ ತೆತ್ತ ಬೆಲೆ.

ಅಗಲ ಪರದೆಯ ಡಿವಿಡಿಯಲ್ಲೂ ಪಿಕ್ಸೆಲ್‌ಗಳು ಅದೇ 720×576. ಚಿತ್ರವನ್ನು ಅಡ್ಡಕ್ಕೆ ಅಮುಕಿ ತುಂಬಿ, 'ಇದನ್ನು 16:9ಕ್ಕೆ ಹಿಗ್ಗಿಸಿ ತೋರಿಸು' ಎಂಬ ಸೂಚನೆಯನ್ನು ಜೊತೆಗೆ ಬರೆದಿಡುತ್ತಾರೆ. ಉಪಾಯ ಹೊಸದಲ್ಲ. ಫ್ರಾನ್ಸಿನ ಆಂರಿ ಕ್ರೆತಿಯೆಂ 1920ರ ದಶಕದಲ್ಲಿ ರೂಪಿಸಿದ ಮಸೂರ ಮಾಡುತ್ತಿದ್ದುದೂ ಇದನ್ನೇ. 1953ರಲ್ಲಿ ಅದು ಸಿನಿಮಾಸ್ಕೋಪ್ ಆಗಿ ಚಿತ್ರಮಂದಿರಗಳಿಗೆ ಬಂತು. ಅಲ್ಲಿ ಗಾಜು ಮಾಡಿದ ಕೆಲಸವನ್ನು ಇಲ್ಲಿ ಕೆಲವು ಬಿಟ್‌ಗಳು ಮಾಡುತ್ತವೆ. ಚಿತ್ರದ ಆಕಾರ ಪಿಕ್ಸೆಲ್‌ಗಳ ಎಣಿಕೆಯಲ್ಲಿಲ್ಲ, ಆ ಸೂಚನೆಯಲ್ಲಿದೆ. ಫೈಲಾಗಿ ಬದಲಿಸುವಾಗ ಪಿಕ್ಸೆಲ್‌ಗಳು ಸಾಗಿ ಬಂದು ಸೂಚನೆ ಹಿಂದುಳಿದರೆ ಮುಖ ಕೆಡುತ್ತದೆ.

ಆದ್ದರಿಂದ ಪರಿವರ್ತನೆಗೆ ದಾರಿ ಎರಡು. ಪಿಕ್ಸೆಲ್‌ಗಳನ್ನು ಮುಟ್ಟದೆ ಸೂಚನೆಯನ್ನು ಹೊಸ ಫೈಲಿನಲ್ಲೂ ಬರೆಯುವುದು ಒಂದು. ಚಿತ್ರವನ್ನೇ ಹಿಗ್ಗಿಸಿ ಚೌಕ ಪಿಕ್ಸೆಲ್‌ಗಳಿಗೆ ತರುವುದು ಇನ್ನೊಂದು. 4:3 ಆದರೆ 768×576, 16:9 ಆದರೆ 1024×576. ಕಾಪಿಡುವ ಉದ್ದೇಶವಿದ್ದರೆ ಮೊದಲನೆಯದೇ ಮೇಲು, ಏಕೆಂದರೆ ಇಲ್ಲದ ಪಿಕ್ಸೆಲ್‌ಗಳನ್ನು ಅಲ್ಲಿ ಊಹಿಸಿ ತುಂಬಬೇಕಾಗಿಲ್ಲ. ಸೂಚನೆಯನ್ನು ಲೆಕ್ಕಿಸದ ಎಡಿಟಿಂಗ್ ತಂತ್ರಾಂಶಕ್ಕೆ ಕೊಡುವುದಿದ್ದರೆ ಎರಡನೆಯದು ಬೇಕಾಗುತ್ತದೆ.

ಬಹಳ ಜನ ಎಡವುವುದು ಮೇಲೆ ಕೆಳಗಿನ ಕಪ್ಪು ಪಟ್ಟಿಗಳನ್ನು ಕತ್ತರಿಸುವಾಗ. 2.35 ಅನುಪಾತದ ಸ್ಕೋಪ್ ಚಿತ್ರವೊಂದು 16:9ರ ಡಿವಿಡಿಯಲ್ಲಿದೆ ಎಂದುಕೊಳ್ಳಿ. 576 ಗೆರೆಗಳಲ್ಲಿ ಚಿತ್ರ ಇರುವುದು ಸುಮಾರು 436ರಲ್ಲಿ. ಉಳಿದದ್ದು ಕಪ್ಪು. ಅದನ್ನು ಕತ್ತರಿಸಿ, ಉಳಿದ 720×436ಕ್ಕೆ 'ಇದು 16:9' ಎಂದೇ ಹೇಳಿದರೆ ಜನರೆಲ್ಲ ಕಾಲುಭಾಗ ಸಪೂರವಾಗಿಬಿಡುತ್ತಾರೆ. ಕತ್ತರಿಸಿದ ಮೇಲೂ ಬದಲಾಗದೆ ಉಳಿಯುವುದು ಒಂದೊಂದು ಪಿಕ್ಸೆಲಿನ ಆಕಾರ, ಇಡೀ ಚೌಕಟ್ಟಿನ ಆಕಾರವಲ್ಲ. ಪಿಕ್ಸೆಲಿನ ಅನುಪಾತ 64:45 ಎಂದು ಹಿಡಿದರೆ 720 ಗುಣಿಸಿ 1024 ಆಗುತ್ತದೆ. 1024ನ್ನು 436ರಿಂದ ಭಾಗಿಸಿದರೆ 2.35 ತಾನಾಗಿ ಬರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪಾಲ್ ಗೆರೆಯಲ್ಲಿ ನಿಜವಾಗಿ ಚಿತ್ರವಿರುವುದು 52 ಮೈಕ್ರೊಸೆಕೆಂಡು, ಅಂದರೆ 702 ಅಳತೆಗಳು. 720ರ ಎರಡೂ ಅಂಚುಗಳಲ್ಲಿ ಕೆಲವು ಹೆಚ್ಚುವರಿ. ಅದಕ್ಕೇ ಕೆಲವರು 704ನ್ನೇ ಪೂರ್ಣ ಅಗಲವೆಂದು ಹಿಡಿದು 4:3ರ ಚಿತ್ರದ ಪಿಕ್ಸೆಲಿಗೆ 12:11ರ ಲೆಕ್ಕ ಹಾಕುತ್ತಾರೆ. 720ರ ಲೆಕ್ಕಕ್ಕೂ ಇದಕ್ಕೂ ನಡುವಿನ ವ್ಯತ್ಯಾಸ ಶೇ 2ಕ್ಕಿಂತ ತುಸು ಹೆಚ್ಚು, ಕಣ್ಣಿಗೆ ಬೀಳುವುದೇ ಕಷ್ಟ. ಟಿವಿ ಕ್ಯಾಮೆರಾದಿಂದ ಬಂದ ಚಿತ್ರಗಳಿಗೆ 704ರ ಲೆಕ್ಕ ಹೊಂದುತ್ತದೆ, ಆದರೆ ಡಿಸ್ಕ್ ತಯಾರಿಸಿದವರೆಲ್ಲ ಈ ನಿಯಮ ಪಾಲಿಸಿದ್ದಾರೆಂದು ನಂಬುವಂತಿಲ್ಲ.

ವಿಸಿಡಿಯ ಕತೆ ಸರಳ, ಹಾಗೆಯೇ ಬೇಸರದ್ದು. ಪಾಲ್ ವಿಸಿಡಿಯ ಚಿತ್ರ 352×288. 16:9ಕ್ಕೆ ಅಲ್ಲಿ ಅವಕಾಶವೇ ಇಲ್ಲ. ಅದನ್ನು 384×288ರ ಆಕಾರದಲ್ಲಿ ನೋಡಬೇಕು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಸೊಸೆ ತಂದ ಸೌಭಾಗ್ಯ' ಬಂದದ್ದು 1977ರಲ್ಲಿ. ಆಮೇಲಿನ ಸ್ಕೋಪ್ ಚಿತ್ರಗಳನ್ನು ಪೂರ್ತಿ ಅಗಲದಲ್ಲಿ ವಿಸಿಡಿಗೆ ಇಳಿಸಿದಾಗ ಪಟ್ಟಿಗಳ ನಡುವೆ ಉಳಿಯುವುದು ಸುಮಾರು 163 ಗೆರೆ ಮಾತ್ರ. ಬೇರೆ ಪ್ರತಿ ಸಿಗದ ಚಿತ್ರವಾದರೆ ಆ 163 ಗೆರೆಗಳನ್ನಾದರೂ ಕೆಡಿಸದೆ ಇಡಬೇಕು.

ಸೂಚನೆಯೇ ತಪ್ಪಿರುವ ಡಿಸ್ಕುಗಳೂ ಇವೆ. ಡಿವಿಡಿಯಲ್ಲಿ ಅನುಪಾತವನ್ನು ವಿಡಿಯೊ ಪ್ರವಾಹದೊಳಗೊಮ್ಮೆ, ಡಿಸ್ಕಿನ ಮಾಹಿತಿ ಕಡತದಲ್ಲೊಮ್ಮೆ ಬರೆದಿರುತ್ತಾರೆ. ಎರಡಕ್ಕೂ ತಾಳೆಯಾಗದೆ ಹೋಗಬಹುದು. ಆಗ ಚಿತ್ರವನ್ನೇ ಕೇಳಬೇಕು. ಗೋಡೆ ಗಡಿಯಾರ, ಹುಣ್ಣಿಮೆ ಚಂದ್ರ, ನೇರ ಪಕ್ಕದಿಂದ ಕಾಣುವ ಸೈಕಲ್ ಚಕ್ರ, ಹೀಗೆ ಕ್ಯಾಮೆರಾಕ್ಕೆ ಎದುರಾಗಿರುವ ಒಂದು ವೃತ್ತವನ್ನು ಹುಡುಕಿ, ಅಲ್ಲೇ ನಿಲ್ಲಿಸಿ, ಪರದೆಯ ಮೇಲೆ ಸ್ಕೇಲಿಟ್ಟು ಅಗಲ ಎತ್ತರ ಅಳೆಯಿರಿ. ವೃತ್ತ ಚೌಕಟ್ಟಿನ ನಡುವೆ ಇದ್ದಷ್ಟೂ ಒಳ್ಳೆಯದು, ಅಂಚಿನಲ್ಲಿ ಮಸೂರವೇ ಆಕಾರವನ್ನು ಎಳೆದಿರುತ್ತದೆ. ಮನುಷ್ಯರ ಮುಖವನ್ನು ನಂಬಿಕೊಳ್ಳುವುದು ಬೇಡ, ಕಣ್ಣು ಹತ್ತು ನಿಮಿಷದಲ್ಲಿ ತಪ್ಪಿಗೂ ಒಗ್ಗಿಹೋಗುತ್ತದೆ.

ಈಗಾಗಲೇ ಕೆಟ್ಟ ಆಕಾರದಲ್ಲಿ ಮಾಡಿಟ್ಟ ಫೈಲುಗಳಿದ್ದರೆ ಅಳಿಸಬೇಡಿ. ಎಂಕೆವಿ ಫೈಲಾದರೆ ತಲೆಬರಹದಲ್ಲಿರುವ ಅನುಪಾತವೊಂದನ್ನೇ ತಿದ್ದಬಹುದು. ಚಿತ್ರವನ್ನು ಮತ್ತೊಮ್ಮೆ ಸಂಕುಚಿಸುವ ಅಗತ್ಯವಿಲ್ಲ, ಗುಣಮಟ್ಟ ಒಂದಿಷ್ಟೂ ಇಳಿಯುವುದಿಲ್ಲ. ಪಿಕ್ಸೆಲ್‌ಗಳನ್ನೇ ಕುಗ್ಗಿಸಿ ಬರೆದಿದ್ದರೆ ಆಕಾರವನ್ನು ಹೀಗೆಯೇ ಸರಿಪಡಿಸಬಹುದು, ಕಳೆದ ವಿವರ ಮಾತ್ರ ಮರಳುವುದಿಲ್ಲ. ಅದಕ್ಕೆ ಮೂಲ ಡಿಸ್ಕೇ ಬೇಕು, ಅದು ಇನ್ನೂ ಓದಲು ಬರುವಂತಿದ್ದರೆ.