ಎರೆ ಹೊಲಕ್ಕೆ ಎಂಥ ಬೂಟು?

ರಾತ್ರಿ ಒಂದು ದೊಡ್ಡ ಮಳೆಯಾದ ಮರುದಿನ ಬೆಳಿಗ್ಗೆ ಹೊಲದ ಅಂಚಿಗೆ ಬಂದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಯಾವುದು? ಕಾಲೊಳಗಿನ ಚಪ್ಪಲಿ ಕಳಚಿ ಬದುವಿನ ಮೇಲೆ ಇಡುವುದು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಚಪ್ಪಲಿ ಮೆಟ್ಟಿ ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೆ ಸೇರುಗಟ್ಟಲೆ ಎರೆಮಣ್ಣು ಹತ್ತುತ್ತದೆ. ಹನ್ನೊಂದನೆಯ ಹೆಜ್ಜೆಗೆ ಚಪ್ಪಲಿಯ ಬಾರು ಕಿತ್ತು ಕೈಗೆ ಬರುತ್ತದೆ. ಹೀಗಾಗಿ ಹಾವು, ಚೇಳು, ಮುಳ್ಳು, ನಂಜು ಎಲ್ಲವೂ ಹೆಚ್ಚಾಗಿರುವ ದಿನಗಳಲ್ಲಿಯೇ ನಾವು ಬರಿಗಾಲಲ್ಲಿ ಇರುತ್ತೇವೆ. ಚಪ್ಪಲಿ ಮೆಟ್ಟಿ ಠೀವಿಯಿಂದ ನಡೆಯುವುದು ಬೇಸಿಗೆಯಲ್ಲಿ, ಸಂತೆಗೆ ಹೋಗುವಾಗ.

ಎತ್ತು ಕೊಳ್ಳುವಾಗ ಗೊರಸು ಎತ್ತಿ ನೋಡುತ್ತೇವೆ. ಅದರ ಕಾಲಿಗೆ ಲಾಳ ಕಟ್ಟಿಸುತ್ತೇವೆ. ನಮ್ಮ ಸ್ವಂತ ಕಾಲಿನ ಮಾತು ಬಂದಾಗ ಮಾತ್ರ ಅಂಗಡಿಯವನು ಕೊಟ್ಟಿದ್ದನ್ನು ಸುತ್ತಿಸಿಕೊಂಡು ಬರುತ್ತೇವೆ. ಮಳೆಗಾಲಕ್ಕೆ ಗಂಬೂಟು ಕೊಳ್ಳುವ ರೈತರು ಈಗ ನಮ್ಮ ಭಾಗದಲ್ಲಿ ಅಲ್ಲಲ್ಲಿ ಕಾಣುತ್ತಾರೆ. ಆದರೆ ಕೊಂಡವರಲ್ಲಿ ಬಹಳ ಮಂದಿ ಎಂಟು ದಿನ ಹಾಕಿ, ಕಾಲು ಗುಳ್ಳೆ ಎದ್ದಿತೆಂದು ಅದನ್ನು ದನದ ಕೊಟ್ಟಿಗೆಯ ಮೂಲೆಗೆ ಒಗೆಯುತ್ತಾರೆ. ಇದು ಬೂಟಿನ ತಪ್ಪಲ್ಲ, ಆರಿಸಿದ ರೀತಿಯ ತಪ್ಪು.

ಹಾವಿನ ಲೆಕ್ಕ

ಮೊದಲು ದೊಡ್ಡ ಮಾತನ್ನು ಹೇಳಿಬಿಡುವೆ. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಮಂದಿ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅಂದರೆ ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಪಾಲು ಹಳ್ಳಿಯವರು. ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗಿನದು. ಅದೇ ನಮ್ಮ ಹೆಸರು, ಶೇಂಗಾ, ಹತ್ತಿಯ ಕಸ ತೆಗೆಯುವ ಕಾಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಕೊಳಕುಮಂಡಲವಾಗಲಿ, ಗರಗಸ ಮಂಡಲವಾಗಲಿ ಅಟ್ಟಿಸಿಕೊಂಡು ಬಂದು ಕಚ್ಚುವುದಿಲ್ಲ. ಹುಲ್ಲಿನೊಳಗೆ, ಎರೆಯ ಬಿರುಕಿನ ಬಾಯಲ್ಲಿ ಸುಮ್ಮನೆ ಬಿದ್ದಿದ್ದು, ತುಳಿದಾಗ ಕಚ್ಚುತ್ತದೆ. ಆದ್ದರಿಂದ ಹೊಲದಲ್ಲಿ ಆಗುವ ಕಡಿತಗಳು ಹೆಚ್ಚಾಗಿ ಪಾದ, ಹರಡು, ಮೀನಖಂಡದ ಕೆಳಭಾಗದಲ್ಲಿಯೇ ಕಂಡುಬರುತ್ತವೆ. ಇದೇ ಕೊಳಕುಮಂಡಲದ ಕಾಟವಿರುವ ಬರ್ಮಾ ದೇಶದಲ್ಲಿ ಗದ್ದೆಯ ರೈತರಿಗಾಗಿಯೇ ಹಗುರಾದ ಬೂಟು ಮಾಡಿಸಿ, ಅವರ ಕಾಲಿಗೇ ಹಾಕಿಸಿ ಪರೀಕ್ಷೆ ಮಾಡಿದ್ದುಂಟು. ಬೂಟು ಹಾಕಿದವನಿಗೆ ಹಾವು ಕಚ್ಚುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಆದರೆ ಬರಿಯ ಚರ್ಮಕ್ಕೂ ಮೀನಖಂಡದ ವರೆಗಿನ ದಪ್ಪ ರಬ್ಬರಿಗೂ ಇರುವ ಅಂತರ ಎಷ್ಟೆಂಬುದನ್ನು ನೀವೇ ಊಹಿಸಬಹುದು. ಬೂಟು ಇದ್ದೂ ಕಚ್ಚಿತೆನ್ನಿ: ಹಗ್ಗ ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಾಲು ಅಲುಗಾಡದಂತೆ ಮಲಗಿಸಿ, 108ಕ್ಕೆ ಫೋನ್ ಮಾಡಿ, ವಿಷದ ಮದ್ದು ಇರುವ ಸರಕಾರಿ ಆಸ್ಪತ್ರೆಗೆ ಒಯ್ಯಿರಿ.

ಕಾಕಾನ ಬೆರಳು

ಗಂಬೂಟನ್ನು ಇಷ್ಟು ಹೊಗಳುವ ನಾನೇ ಅದರಿಂದ ನಮ್ಮ ಮನೆಯಲ್ಲಾದ ಹಾನಿಯನ್ನೂ ಹೇಳಬೇಕು. ನಮ್ಮ ಕಾಕಾ ಅವರಿಗೆ ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ. ಒಂದು ಮುಂಗಾರಿನಲ್ಲಿ ನಾನೇ ಪೇಟೆಯಿಂದ ಒಂದು ಜೋಡು ಗಂಬೂಟು ತಂದುಕೊಟ್ಟೆ. ಅವರ ಹಳೆಯ ಚಪ್ಪಲಿಯ ನಂಬರು ನೋಡಿ ತಂದಿದ್ದೆ, ಕಾಲು ಅಳೆದಿರಲಿಲ್ಲ. ಚಪ್ಪಲಿಯ ಮುಂದೆ ಬೆರಳು ಹೊರಗೆ ಚಾಚಿದರೂ ನಡೆಯುತ್ತದೆ. ಬೂಟಿನಲ್ಲಿ ನಡೆಯುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಹೆಸರು ಬಿಡಿಸುವ ವೇಳೆ ಅವರು ನಾಲ್ಕು ದಿನ ಬೆಳಗಿನಿಂದ ಸಂಜೆಯ ತನಕ ಅದನ್ನೇ ಹಾಕಿಕೊಂಡು ತಿರುಗಿದರು. ಐದನೆಯ ದಿನ ಬೂಟು ಕಳಚಿದಾಗ ಕಾಲುಚೀಲ ರಕ್ತವಾಗಿತ್ತು. "ತಮ್ಮಾ, ನನಗ ಒಂಚೂರೂ ನೋವ ಆಗಿಲ್ಲ ನೋಡು" ಎಂದರು. ನೋವಾಗದೆ ಇದ್ದುದೇ ಕೇಡಾಯಿತು. ಎರಡು ತಿಂಗಳು ಆಸ್ಪತ್ರೆಗೆ ಅಲೆದು, ಕೊನೆಗೆ ಕಿರುಬೆರಳು ತೆಗೆಸಬೇಕಾಯಿತು.

ಸಕ್ಕರೆ ಕಾಯಿಲೆ ಬಹಳ ದಿನಗಳಿಂದ ಇದ್ದವರಿಗೆ ಪಾದದ ಸ್ಪರ್ಶ ಮಂದವಾಗುತ್ತದೆ. ಬೂಟು ಬಿಗಿಯಾಗಿದೆ, ಒಳಗೆ ಹರಳು ಸೇರಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಅಂಥವರು ಹಾಕುವ ಮೊದಲು ಬೂಟಿನೊಳಗೆ ಬೆಳಕು ಬಿಟ್ಟು, ಕೊಡವಿ, ಕೈಯಾಡಿಸಿ ನೋಡಬೇಕು. ಸಂಜೆ ಕಾಲು ತೊಳೆದು ಬೆರಳ ಸಂದಿಗಳನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು. ಬೂಟು ಕೊಡವುವುದು ಉಳಿದವರಿಗೂ ಒಳ್ಳೆಯ ರೂಢಿ. ಚೇಳಿಗೆ ಕತ್ತಲೆಯ ಬೂಟಿಗಿಂತ ಒಳ್ಳೆಯ ಮನೆ ಇನ್ನೊಂದಿಲ್ಲ.

ಅಳತೆ ಹೇಗೆ?

ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದವರ ಪಾದ ಮುಂದೆ ಅಗಲ, ಬೆರಳುಗಳು ಬಿಡಿಬಿಡಿ. ಕಾರ್ಖಾನೆಯ ಅಚ್ಚು ಮೂತಿ ಕಿರಿದಾದದ್ದು. ಆದ್ದರಿಂದ ನಂಬರನ್ನು ನಂಬಬೇಡಿರಿ. ಸಂಜೆಯ ಹೊತ್ತು, ದುಡಿದು ಕಾಲು ತುಸು ಊದಿರುವಾಗ, ಒಂದು ಹಾಳೆಯ ಮೇಲೆ ನಿಂತು ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿಕೊಳ್ಳಿರಿ. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಿರುವುದು ಸಾಮಾನ್ಯ; ದೊಡ್ಡದರ ಅಳತೆಯೇ ಲೆಕ್ಕಕ್ಕೆ. ಅಂಗಡಿಯಲ್ಲಿ ಬೂಟನ್ನು ಆ ಗೆರೆಯ ಮೇಲಿಟ್ಟರೆ ಬೂಟಿನ ತಳವು ಗೆರೆಯನ್ನು ಪೂರ್ತಿ ಮುಚ್ಚಬೇಕು.

ಆಮೇಲೆ ಕಾಲುಚೀಲ ಹಾಕಿಕೊಂಡು ಮೆಟ್ಟಿ ನೋಡಿರಿ. ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗವಿರಬೇಕು. ನಡೆಯುವಾಗ ಹಿಮ್ಮಡಿ ಒಳಗೆ ಎದ್ದೆದ್ದು ಬೀಳಬಾರದು. ಅಂಗಡಿಯವನು ಗೊಣಗಿದರೂ ಐದು ನಿಮಿಷ ಅಡ್ಡಾಡಿರಿ, ಮತ್ತು ಮುಖ್ಯವಾಗಿ ಕುಕ್ಕರಗಾಲಲ್ಲಿ ಕುಳಿತು ನೋಡಿರಿ. ಇದನ್ನು ಯಾರೂ ಮಾಡುವುದಿಲ್ಲ. ಮೊಣಕಾಲಿನ ವರೆಗೆ ಬರುವ ಬೂಟು ನಿಂತಾಗ ಚೆಂದ. ಕಸ ತೆಗೆಯಲು ಕುಳಿತರೆ ಅದರ ಅಂಚು ಮೊಣಕಾಲಿನ ಹಿಂದೆ ಕುಡಗೋಲಿನಂತೆ ಒತ್ತುತ್ತದೆ. ನೀರು ಹಾಯಿಸುವವರಿಗೆ, ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ದಂಡೆಯ ಹೊಲದವರಿಗೆ, ರಾತ್ರಿ ಪಂಪಿಗೆ ಹೋಗುವವರಿಗೆ ಎತ್ತರದ ಬೂಟು ಸರಿ. ಕುಳಿತು ಮಾಡುವ ಕೆಲಸಕ್ಕೆ ಮೀನಖಂಡದ ನಡುವಿಗೆ ನಿಲ್ಲುವ ಗಿಡ್ಡ ಬೂಟೇ ಲೇಸು.

ತಳದ ಹಲ್ಲುಗಳನ್ನು ತಿರುಗಿಸಿ ನೋಡಿರಿ. ಹಲ್ಲುಗಳು ಒತ್ತೊತ್ತಾಗಿದ್ದರೆ ಎರೆಮಣ್ಣು ಅವುಗಳ ನಡುವೆ ಮೆತ್ತಿಕೊಂಡು ತಳ ನುಣ್ಣಗಾಗುತ್ತದೆ. ಬದುವಿನ ಮೇಲೆ ಜಾರಿ ಬೀಳುವುದು ಆಗಲೇ. ಹಲ್ಲು ದೊಡ್ಡದಾಗಿ, ದೂರದೂರ ಇದ್ದರೆ ಒಂದಿಷ್ಟು ಮಣ್ಣು ತಾನೇ ಉದುರುತ್ತದೆ. ಪೂರ್ತಿ ಉದುರಿಸುವ ಬೂಟನ್ನು ಎರೆ ನೆಲಕ್ಕೆ ಇನ್ನೂ ಯಾರೂ ಮಾಡಿಲ್ಲ. ಒದ್ದೆಯಾದಾಗ ಉಬ್ಬಿ ಅಂಟುವುದು, ಒಣಗಿದಾಗ ಬಿರಿಯುವುದು ಆ ಮಣ್ಣಿನ ಜಿಗುಟಿನ ಗುಣ. ಮಳೆಯಾದ ಮೇಲೆ ಹದ ಬರುವ ತನಕ ಹೊಲ ತುಳಿಯಬಾರದೆಂಬ ಹಿರಿಯರ ಮಾತು ಇಲ್ಲಿಯೂ ಸರಿ. ಹಸಿ ಎರೆಯನ್ನು ತುಳಿದರೆ ಬೂಟೂ ಕೆಡುತ್ತದೆ, ನೆಲವೂ ಗಟ್ಟಿಯಾಗುತ್ತದೆ.

ರಬ್ಬರೋ, ಪ್ಲಾಸ್ಟಿಕ್ಕೋ?

ಗಂಬೂಟನ್ನು ಕಂಡರೆ ನಗುವವರಿದ್ದಾರೆ, ಅದು ಪೇಟೆಯ ಗಟಾರ ಬಳಿಯುವವರದೆಂದು. ಅದರ ಹುಟ್ಟನ್ನು ನೋಡಿದರೆ ಅದು ರೈತನದೇ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿ ಮಾಡುವ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಹಿಡಿದ. ಆತನಿಂದ ಹಕ್ಕು ಪಡೆದ ಹೈರಮ್ ಹಚಿನ್ಸನ್ ಎಂಬವನು 1853ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆ ಹಾಕಿ, ಕಟ್ಟಿಗೆಯ ಪಾದುಕೆ ಮೆಟ್ಟಿ ಕೆಸರು ತುಳಿಯುತ್ತಿದ್ದ ಅಲ್ಲಿಯ ರೈತರಿಗೆ ರಬ್ಬರಿನ ಬೂಟು ಮಾರಿದ.

ಈಗ ಪೇಟೆಯಲ್ಲಿ ಅಗ್ಗವಾಗಿ ಸಿಗುವುದು ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು. ಅದು ನೀರು ಬಿಡುವುದಿಲ್ಲ, ಆದರೆ ಬಿಸಿಲಿನಲ್ಲಿ ಬಿದ್ದರೆ ಬರಬರುತ್ತ ಬಿರುಸಾಗಿ ಬೆರಳು ಮಡಚುವ ಕಡೆ ಸೀಳುತ್ತದೆ. ಅಸಲು ರಬ್ಬರು ಮೆತ್ತಗೆ, ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಮೂತಿಯ ಹತ್ತಿರ ಚೆನ್ನಾಗಿ ಮಡಚಿ ಬಿಡಿರಿ. ಬಿಳಿ ಗೆರೆ ಮೂಡಿ ಹಾಗೆಯೇ ಉಳಿದರೆ ಅಂಥದನ್ನು ಬಿಟ್ಟುಬಿಡಿರಿ. ಐಎಸ್‌ಐ ಗುರುತು ಇದೆಯೇ ನೋಡಿರಿ: ರಬ್ಬರಿನದಕ್ಕೆ ಐಎಸ್ 5557, ಪಿವಿಸಿಯದಕ್ಕೆ ಐಎಸ್ 12254 ಎಂಬ ನಂಬರು ಇರುತ್ತದೆ. ರಬ್ಬರಿನ ಇನ್ನೊಂದು ಅನುಕೂಲವೆಂದರೆ, ಮುಳ್ಳು ಚುಚ್ಚಿ ತೂತಾದರೆ ಸೈಕಲ್ಲಿನ ಟ್ಯೂಬಿಗೆ ಹಚ್ಚುವ ಪ್ಯಾಚು, ಸೊಲ್ಯೂಷನ್ ಅದಕ್ಕೂ ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗೆ ಅದು ನಿಲ್ಲುವುದಿಲ್ಲ. ಜಾಲಿಯ ಮುಳ್ಳಿನ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಒಳಗೆ ಬಟ್ಟೆ ಅಂಟಿಸಿದ ಬೂಟು ಬೇಡ. ಬೆವರು ಹೀರಿ ಒಣಗುವುದಿಲ್ಲ, ಬೆರಳ ಸಂದಿ ಕೊಳೆಯುತ್ತದೆ. ಹತ್ತಿಯ ಕಾಲುಚೀಲ ಎರಡು ಜೋಡು ಇಟ್ಟುಕೊಂಡು ದಿನಾ ಬದಲಿಸಿರಿ. ರಾತ್ರಿ ಬೂಟನ್ನು ತೊಳೆದು, ಎರಡು ಗೂಟ ನೆಟ್ಟು ತಲೆಕೆಳಗಾಗಿ ನೆರಳಿನಲ್ಲಿ ಸಿಕ್ಕಿಸಿರಿ. ಒಲೆಯ ಮುಂದೆ ಇಡಬೇಡಿರಿ.

ಬೆಂಗಳೂರಿನಲ್ಲಿರುವ ಮಗ ಬೆಟ್ಟ ಹತ್ತುವವರ ದುಬಾರಿ ಬೂಟು ತಂದುಕೊಡುತ್ತೇನೆಂದರೆ ಬೇಡವೆನ್ನಿರಿ. ಅದರೊಳಗೆ ನೀರು ತಡೆದು ಬೆವರಿನ ಆವಿ ಬಿಡುವ ತೆಳು ಪೊರೆ ಇರುತ್ತದೆ. ಮೇಲೆ ಎರೆಮಣ್ಣು ಬಳಿದುಕೊಂಡರೆ ಆ ಆವಿ ಹೊರಗೆ ಹೋಗುವುದು ಹೇಗೆ? ಮೇಲಿನಿಂದ ನೀರು ಹೊಕ್ಕರೆ ಒಣಗಲು ಎರಡು ದಿನ ಬೇಕು. ಕುರಿ ಹಿಂಡಿನೊಡನೆ ಹರದಾರಿಗಟ್ಟಲೆ ಒಣ ನೆಲದಲ್ಲಿ ನಡೆಯುವವರಿಗೆ ಅದು ಹಿತವಾದೀತು. ಅವರಾದರೋ ಟಾಯರಿನ ಅಟ್ಟೆಯ ಚಪ್ಪಲಿಯಲ್ಲೇ ಸುಖವಾಗಿದ್ದಾರೆ.

ನಮ್ಮ ತೊಗಲಿನ ಚಪ್ಪಲಿಯನ್ನು ನಾನು ಹಗುರಾಗಿ ಕಾಣುವವನಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಅದರಲ್ಲಿ ಸೇರಿತು. ಗಿಡದ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ಆ ತೊಗಲು ಕಾಲಿಗೆ ತಂಪು. ಬೇಸಿಗೆಗೆ ಅದನ್ನೇ ಮೆಟ್ಟಿರಿ, ಎಣ್ಣೆ ಹಚ್ಚಿರಿ, ಮಳೆಗಾಲದಲ್ಲಿ ಗೂಟಕ್ಕೆ ತೂಗುಹಾಕಿರಿ. ಔಷಧಿ ಸಿಂಪಡಿಸುವಾಗ ಮಾತ್ರ ತೊಗಲಿನದು ಯಾವುದೂ ಕಾಲಿನಲ್ಲಿರಬಾರದು. ತೊಗಲು ವಿಷ ಹೀರುತ್ತದೆ, ತೊಳೆದರೆ ಹೋಗುವುದಿಲ್ಲ. 2017ರಲ್ಲಿ ವಿದರ್ಭದ ಯವತಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಸಿಂಪಡಣೆ ಮಾಡಿದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ನೆನೆಯಿರಿ. ಗಂಬೂಟು ಹಾಕಿ, ಪ್ಯಾಂಟನ್ನು ಬೂಟಿನ ಹೊರಗೆ ಇಳಿಬಿಡಿರಿ. ಒಳಗೆ ತುರುಕಿದರೆ ಮೇಲಿನಿಂದ ಹರಿದ ಔಷಧಿ ಬೂಟಿನೊಳಗೇ ನಿಲ್ಲುತ್ತದೆ.

ಕಲಘಟಗಿಯ ಮಾತು ಬೇರೆ

ಕಲಘಟಗಿಯ ಕಡೆ ಭತ್ತದ ಗದ್ದೆಯವರಿಗೆ ಈ ಉಪದೇಶ ಅರ್ಧ ಮಾತ್ರ ಅನ್ವಯಿಸುತ್ತದೆ. ರಾಡಿ ಮಾಡಿದ ಗದ್ದೆಯಲ್ಲಿ ಸಡಿಲ ಗಂಬೂಟು ಹೂತುಕೊಂಡು ಕಾಲಷ್ಟೇ ಮೇಲೆ ಬರುತ್ತದೆ. ಜಪಾನಿನವರು ನಾಟಿಗೆಂದು ಮೀನಖಂಡಕ್ಕೆ ಬಿಗಿಯಾಗಿ ಅಪ್ಪುವ ತೆಳು ರಬ್ಬರಿನ ಬೂಟು ಹಾಕುತ್ತಾರೆ. ನಮ್ಮಲ್ಲಿ ನಾಟಿಯವರು ಬರಿಗಾಲೇ. ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ, ಕಾಲಿನ ಬಿರುಕು, ಗಾಯಗಳ ಮೂಲಕ ಇಲಿ ಜ್ವರ ಹೊಗುತ್ತದೆ. ಕಾಲಿನಲ್ಲಿ ಗಾಯವಿದ್ದವರನ್ನು ಗದ್ದೆಗೆ ಇಳಿಸಬೇಡಿರಿ. ನಾಟಿಯ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಗದ್ದೆಯ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಗಂಬೂಟನ್ನು ಬದುವಿನ ಮೇಲೆ ಓಡಾಡಲು, ನೀರು ಕಟ್ಟಲು, ಕೊಯ್ಲಿಗೆ ಇಟ್ಟುಕೊಳ್ಳಿರಿ.

ಕೂಲಿಯವರ ಕಾಲು

ಇನ್ನು ಒಂದು ಮಾತನ್ನು ಕೇಳಿ ಕೆಲವರಿಗೆ ಸಿಟ್ಟು ಬರಬಹುದು. ಹೊಲದಲ್ಲಿ ದಿನವಿಡೀ ಕುಳಿತು ಕಸ ತೆಗೆಯುವವರು, ಹತ್ತಿ ಬಿಡಿಸುವವರು ಯಾರು? ಹೆಣ್ಣುಮಕ್ಕಳು. ಬೂಟು ಹಾಕಿ ಬದುವಿನ ಮೇಲೆ ನಿಂತವರು ಯಾರು? ನಾವು. ಹುಲ್ಲಿನೊಳಗೆ ಕೈಕಾಲು ಇಡುವವಳ ಕಾಲು ಬರಿದು, ದೂರ ನಿಂತು ನೋಡುವವನ ಕಾಲಿಗೆ ರಬ್ಬರು. ಅಂಗಡಿಯಲ್ಲಿ ಕೇಳಿದರೆ ಗಂಡಸರ 7, 8, 9ನೆಯ ನಂಬರು ಬಿಟ್ಟು ಬೇರೆ ಇಲ್ಲ ಎನ್ನುತ್ತಾರೆ. ಕೇಳುವವರೇ ಇಲ್ಲದಿದ್ದರೆ ಅವರಾದರೂ ಯಾಕೆ ತರಿಸಿಯಾರು? 4, 5ನೆಯ ನಂಬರಿನ ಗಿಡ್ಡ ಬೂಟು ಬೇಕೆಂದು ನಾಲ್ಕು ಮನೆಯವರು ಕೂಡಿ ಹೇಳಿದರೆ ತರಿಸುತ್ತಾರೆ. ನಮ್ಮ ಹೊಲದಲ್ಲಿ ಆರು ಜೋಡು ಇಟ್ಟಿದ್ದೇವೆ. ಮೊದಲ ವಾರ ಸೀರೆಗೆ ಬೂಟು ಹಾಕಿ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಎರಡನೆಯ ವಾರ ಒಬ್ಬಾಕೆ, "ಅಣ್ಣಾರ, ನನ್ನ ಜೋಡಿನ್ಯಾಗ ಆಕಿ ಕಾಲ ಇಟ್ಟಾಳ್ರಿ" ಎಂದು ದೂರು ತಂದಳು. ಅಂದಿನಿಂದ ಪ್ರತಿ ಜೋಡಿಗೂ ಬಣ್ಣದಿಂದ ಹೆಸರು ಬರೆದಿದ್ದೇವೆ.

ಕಾಕಾ ಈಗ ಎರಡು ನಂಬರು ದೊಡ್ಡದಾದ ರಬ್ಬರಿನ ಬೂಟು ಹಾಕುತ್ತಾರೆ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಅದನ್ನು ಮೂರು ಸಲ ನೆಲಕ್ಕೆ ಬಡಿದು, ಒಳಗೆ ಕೈಯಾಡಿಸಿ, ಮೊಮ್ಮಗಳ ಕಡೆ ಚಾಚುತ್ತಾರೆ. ಆಕೆ ಒಳಗೆ ಇಣುಕಿ ನೋಡಿ "ಏನೂ ಇಲ್ಲ ಅಜ್ಜಾ" ಎಂದ ಮೇಲೆಯೇ ಕಾಲು ಹಾಕುವುದು.