ಹಳೇ ಪೋರ್ಷೆ ತಗೊಳ್ಳೋ ಮುಂಚೆ ಅದರ ಲಾಗ್ ಓದಿಸಿ

ತುಂಬಾ ಜನ ಕೇಳ್ತಿರೋ ಪ್ರಶ್ನೆ: "ಹೊಸ ಎಸ್‌ಯುವಿ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಪೋರ್ಷೆ ಸಿಗ್ತಿದೆ, ತಗೋಬಹುದಾ?" ತಗೋಬಹುದು. ಆದ್ರೆ ನಾನು ಪುಣೆಯಲ್ಲಿ ಒಂದು ಬಾಕ್ಸ್‌ಸ್ಟರ್‌ಗೆ ಅಡ್ವಾನ್ಸ್ ಕೊಡೋ ಹಂತದವರೆಗೂ ಹೋಗಿ ವಾಪಸ್ ಬಂದವನು. ಯಾಕೆ ಅಂತ ಹೇಳ್ತೀನಿ.

2007ರ ಕಾರು, ಮ್ಯಾನ್ಯುಯಲ್ ಗೇರ್, ಮೀಟರ್‌ನಲ್ಲಿ 22,000 ಕಿ.ಮೀ. ಪೇಂಟ್ ಫಳಫಳ. ಮೇಲಾಗಿ ಕರ್ನಾಟಕದ ನಂಬರ್! ಮನಸ್ಸು ಆಗಲೇ ಜಾರಿತ್ತು.

ಮೊದಲು ಇಂಜಿನ್ ವಿಷಯ. ಆ ಕಾಲದ ಬಾಕ್ಸ್‌ಸ್ಟರ್‌ನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಅಂತ ಒಂದಿದೆ. ಕ್ರ್ಯಾಂಕ್‌ಶಾಫ್ಟ್ ತಿರುಗೋದನ್ನ ಕ್ಯಾಮ್‌ಶಾಫ್ಟ್‌ಗೆ ಮುಟ್ಟಿಸೋದು ಅದರ ಕೆಲಸ. ಅದರ ತುದಿಯ ಬೇರಿಂಗ್ ಕಿತ್ತುಹೋದ್ರೆ ಟೈಮಿಂಗ್ ತಪ್ಪಿ ಪಿಸ್ಟನ್ನು ವಾಲ್ವ್‌ಗೆ ಬಡಿಯುತ್ತೆ. ಇಂಜಿನ್ ಅಲ್ಲಿಗೆ ಮುಗೀತು. 2007ರ ಇಂಜಿನ್‌ನಲ್ಲಿ ಬೇರಿಂಗ್ ದೊಡ್ಡದು, ಕೆಡೋದು ಕಡಿಮೆ. ಆದ್ರೆ ಅದನ್ನ ಬದಲಿಸಬೇಕಂದ್ರೆ ಇಂಜಿನ್ನನ್ನೇ ಪೂರ್ತಿ ಬಿಚ್ಚಬೇಕು. 2009ರ ಮಾದರಿಯಿಂದ ಬಂದ ಹೊಸ ಇಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಹಳೇದನ್ನೇ ನೋಡ್ತಿದ್ರೆ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗೆ ಲೋಹದ ಚೂರು ಇದೆಯಾ ಅಂತ ನೋಡಿಸಿ.

ಎರಡನೇದು, ನಮ್ಮಂಥೋರಿಗೆ ಬೇಗ ಅರ್ಥ ಆಗೋದು: ಲಾಗ್. ಪೋರ್ಷೆಯ ಇಂಜಿನ್ ಕಂಪ್ಯೂಟರ್ ಓವರ್‌ರೆವ್ ಆದ ದಾಖಲೆ ಇಟ್ಟುಕೊಳ್ಳುತ್ತೆ. ಆಕ್ಸಿಲರೇಟರ್ ಎಷ್ಟೇ ಒತ್ತಿದ್ರೂ ರೆವ್ ಲಿಮಿಟರ್ ತಡೆಯುತ್ತೆ. ಆದ್ರೆ ಓಟದಲ್ಲಿ ಐದನೇ ಗೇರ್ ಬದಲು ಮೂರನೇದಕ್ಕೆ ಹಾಕಿಬಿಟ್ರೆ ಚಕ್ರಗಳೇ ಇಂಜಿನ್ನನ್ನು ತಿರುಗಿಸ್ತವೆ, ಲಿಮಿಟರ್ ಏನೂ ಮಾಡಕ್ಕಾಗಲ್ಲ. ಅಂಥ ತಪ್ಪು ಎಷ್ಟು ಸಲ ಆಗಿದೆ, ಇಂಜಿನ್‌ನ ಎಷ್ಟನೇ ಗಂಟೆಯಲ್ಲಿ ಆಗಿದೆ ಅನ್ನೋದು ಅಲ್ಲಿರುತ್ತೆ.

ಜೊತೆಗೆ ಇಂಜಿನ್ ಒಟ್ಟು ಓಡಿದ ಗಂಟೆಗಳೂ ಸಿಗುತ್ತೆ. ನಾನು ನೋಡಿದ ಕಾರಿನಲ್ಲಿ 1,900 ಗಂಟೆ ಇತ್ತು. 22,000 ಕಿ.ಮೀ.ಯನ್ನ 1,900ರಿಂದ ಭಾಗಿಸಿ: ಗಂಟೆಗೆ ಸರಾಸರಿ ಹನ್ನೊಂದೂವರೆ ಕಿ.ಮೀ. ಹಿಂಜವಡಿ ಟ್ರಾಫಿಕ್‌ನಲ್ಲೇ ಹುಟ್ಟಿ ಬೆಳೆದ ಕಾರೂ ಇಷ್ಟು ನಿಧಾನ ಇರಲ್ಲ! ಇದು ಭಾನುವಾರ ಬೆಳಗ್ಗೆ ಮಾತ್ರ ಹೊರಗೆ ಬರ್ತಿದ್ದ ಕಾರು ಅಂತ ಮಾರೋವ್ರು ಹೇಳಿದ್ರು. ಸರ್ವಿಸ್ ಬಿಲ್‌ಗಳನ್ನ ಕೇಳಿದೆ. "ಸಿಗ್ತಿಲ್ಲ ಸಾರ್" ಅಂದ್ರು. ಮೀಟರ್ ತಿರುಗಿಸಿದ್ರು ಅಂತ ನನ್ನ ಹತ್ರ ಸಾಕ್ಷಿ ಇಲ್ಲ, ಆದ್ರೆ ಲೆಕ್ಕ ಕೂಡಲಿಲ್ಲ. ಎದ್ದು ಬಂದೆ.

ಮೂರನೇದು ಕಾಗದಪತ್ರ. ಬೇರೆ ರಾಜ್ಯದ ಗಾಡಿನ ನೀವಿರೋ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ್ರೆ ಮರುನೋಂದಣಿ ಮಾಡಿಸ್ಲೇಬೇಕು. ಹಳೇ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು. ಇಲ್ಲಿ ಮತ್ತೆ ರೋಡ್ ಟ್ಯಾಕ್ಸ್ ಕಟ್ಟಬೇಕು, ಅಲ್ಲಿ ಕಟ್ಟಿದ್ದಕ್ಕೆ ರಿಫಂಡ್ ಅರ್ಜಿ ಹಾಕಬೇಕು. ಸಾಲದ ಗಾಡಿ ಆಗಿದ್ರೆ ಬ್ಯಾಂಕ್ ಸಹಿ ಮಾಡಿದ ಫಾರ್ಮ್ 35 ಇಲ್ಲದೆ ದುಡ್ಡು ಕೊಡಬೇಡಿ.

ಕಡೇದಾಗಿ, ಕಾರಿನ ಬೆಲೆ ಇಳಿದಿದೆ ನಿಜ, ಬಿಡಿಭಾಗಗಳ ಬೆಲೆ ಇಳಿದಿಲ್ಲ. ಕೈಯಲ್ಲಿರೋ ಅಷ್ಟೂ ದುಡ್ಡನ್ನ ಖರೀದಿಗೇ ಸುರಿದ್ರೆ ಮೊದಲ ದೊಡ್ಡ ರಿಪೇರಿಗೇ ಕಾರು ಗ್ಯಾರೇಜಲ್ಲಿ ನಿಲ್ಲುತ್ತೆ, ಇಎಂಐ ಮಾತ್ರ ಓಡ್ತಿರುತ್ತೆ. ತಪಾಸಣೆಗೆ ಆದ ಖರ್ಚು ನನಗೆ ಅವತ್ತು ದಂಡ ಅನ್ನಿಸ್ತು. ಈಗ ಅನ್ನಿಸಲ್ಲ.

ನಾನಿನ್ನೂ ಹುಡುಕ್ತಾನೇ ಇದ್ದೀನಿ. ಈ ಸಲ 2009ರ ನಂತರದ್ದು, ಬಿಲ್‌ಗಳ ಸಮೇತ. ಸಿಕ್ಕಿದ್ರೆ ಮೊದಲು ನಿಮಗೇ ತೋರಿಸ್ತೀನಿ.